ಗೋಡೆಗೆ ಮುಖ

ಬೆಲ್ಲು ಹೊಡೆದರೆ ಗೋಡೆಗೆ ತಿರುಗಬೇಕು. ಅದು ಅಲ್ಲಿಯ ಕಾನೂನು.

ಎಲ್ಲೂ ಬರೆದಿಟ್ಟ ಕಾನೂನಲ್ಲ. ಇಡೀ ರಾಜ್ಯಕ್ಕೆ ಕಾನೂನು ಬರೆದು ಕೊಡುವ ಆ ದೊಡ್ಡ ಕಟ್ಟಡದೊಳಗೆ ಇದೊಂದನ್ನು ಮಾತ್ರ ಯಾರೂ ಬರೆದಿರಲಿಲ್ಲ. ಸದನ ಸೇರುವ ಮೊದಲು ಉದ್ದನೆಯ ಬೆಲ್ಲು. ಸದಸ್ಯರು ತಂತಮ್ಮ ಕೋಣೆಗಳಿಂದ ಎದ್ದು ಕಾರಿಡಾರಿಗೆ ಬರುತ್ತಾರೆ. ಆಗ ಕಸ ಗುಡಿಸುವವರು, ನೆಲ ಒರೆಸುವವರು, ಕಕ್ಕಸು ತೊಳೆಯುವವರು ಎಲ್ಲಿದ್ದರೆ ಅಲ್ಲೇ ಬಕೆಟ್ಟನ್ನು ಕಾಲಿನ ಮರೆಗೆ ಸರಿಸಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ದೊಡ್ಡವರ ಕಣ್ಣಿಗೆ ಇವರ ಬೆನ್ನು ಬಿದ್ದರೆ ಅಡ್ಡಿಯಿಲ್ಲ. ಮುಖ ಬೀಳಬಾರದು. ಕೊನೆಯ ಬೂಟಿನ ಸದ್ದು ನಿಂತ ಮೇಲೆ ತಿರುಗಿ ಮತ್ತೆ ಕೆಲಸ ಶುರು ಮಾಡಬಹುದು.

ಅವಳಿಗೆ ಅಲ್ಲಿ ಎರಡನೇ ಮಹಡಿ ಅಂತ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಇಲ್ಲಿ ಯಾರಿಗೆ ಬೇಕು? ಮೇಸ್ತ್ರಿ ಕರೆಯುತ್ತಿದ್ದದ್ದೇ ಹಾಗೆ. "ಏ ಎರಡನೇ ಮಹಡಿ, ಕನ್ನಡಿ ಮೇಲೆ ಕಲೆ ಹಾಗೇ ಇದೆಯಲ್ಲ, ಕಣ್ಣೇನು ಮನೇಲಿ ಇಟ್ಟು ಬಂದಿದೀಯಾ?" ಕೆಳಗಿನ ಕೆಲಸಕ್ಕೆ ಬರುವ ಸಣ್ಣ ವಯಸ್ಸಿನ ಹುಡುಗಿ ನೆಲಮಹಡಿ. ಮೆಟ್ಟಿಲು ಒರೆಸುವ ಮುದುಕ ಮೆಟ್ಟಿಲಜ್ಜ. ಆ ಮುದುಕನಿಗೆ ಅಜ್ಜ ಅಂತ ಕೊನೆಗೊಂದು ಮರ್ಯಾದೆ ಸೇರಿಸಿದ್ದೂ ಇವರೇ, ಮೇಸ್ತ್ರಿಯಲ್ಲ. ಮೇಸ್ತ್ರಿಗೆ ಅವನು ಬರೀ ಮೆಟ್ಟಿಲು.

"ನನ್ನ ಗಂಡನ ಮುಖಕ್ಕಿಂತ ಈ ಗೋಡೇನೇ ಜಾಸ್ತಿ ನೋಡಿದೀನಿ ಕಣೇ," ಎಂದು ಅವಳು ನೆಲಮಹಡಿಗೆ ತಮಾಷೆ ಮಾಡುತ್ತಿದ್ದಳು. "ಗಂಡ ಸತ್ತ. ಗೋಡೆ ಹಾಗೇ ಇದೆ, ಗಟ್ಟಿಮುಟ್ಟಾಗಿ."

ನೀರು ಹೊರಬೇಕಾಗಿತ್ತು. ಮೇಲಿನ ಕಕ್ಕಸುಗಳಲ್ಲಿ ಸಾಲಾಗಿ ನಲ್ಲಿಗಳಿದ್ದವು, ಮುಟ್ಟಿದರೆ ನೀರು ಸುರಿಯುತ್ತಿತ್ತು. ಆದರೆ ಅವು ಸದಸ್ಯರ ನಲ್ಲಿ. ತೊಳೆಯುವವರು ಅಲ್ಲಿ ಬಕೆಟ್ ತುಂಬಿಸಿದರೆ ಸದಸ್ಯರು ಕೈ ತೊಳೆಯುವಾಗ ನೀರು ಸಣ್ಣಗೆ ಬರುತ್ತದಂತೆ. ಹಾಗಾಗಿ ಹಿತ್ತಲಿನ ನಲ್ಲಿಯಿಂದ ಹಿಂಬದಿಯ ಮೆಟ್ಟಿಲು ಹತ್ತಿ ತರಬೇಕು. ಲಿಫ್ಟಿನಲ್ಲಿ ಬಕೆಟ್ ಇಡುವ ಹಾಗಿಲ್ಲ, ನೀರು ತುಳುಕಿ ಕಾರ್ಪೆಟ್ ನೆನೆಯುತ್ತದೆ. ಕಾರ್ಪೆಟ್ ನೆನೆಯಬಾರದು. ಹೆಂಗಸಿನ ಸೊಂಟ ಮುರಿದರೆ ಮುರಿಯಲಿ.

ಅವಳ ಸೊಂಟ ಮುರಿದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಗಿತ್ತು. ಮಗಳು ಹುಟ್ಟಿ ಮೈ ಇನ್ನೂ ಹಸಿಯಾಗಿದ್ದಾಗಲೇ ಬಕೆಟ್ ಹಿಡಿದವಳು ಅವಳು. ದಿನಗೂಲಿಗೆ ಬಾಣಂತನ ಎಲ್ಲಿಂದ ಬರಬೇಕು? ಅಂದಿನಿಂದ ಒಳಗೆ ಏನೋ ಜಗ್ಗುತ್ತಿತ್ತು. ವರ್ಷ ವರ್ಷ ಜಗ್ಗುತ್ತಾ ಬಂದು ಈಗ ಗರ್ಭಕೋಶ ಪೂರ್ತಿ ಕೆಳಗೆ ಇಳಿದಿತ್ತು. ಮೆಟ್ಟಿಲು ಹತ್ತುವಾಗ ಹೊರಗೇ ಬರುತ್ತಿತ್ತು. ಅವಳು ಖಾಲಿ ಕಕ್ಕಸಿಗೆ ಹೋಗಿ, ಚಿಲಕ ಹಾಕಿ, ಹಲ್ಲು ಕಚ್ಚಿ ಅದನ್ನು ಬೆರಳಿನಿಂದ ಒಳಗೆ ನೂಕಿ, ಹಳೇ ಬಟ್ಟೆ ಮಡಚಿ ಬಿಗಿಯಾಗಿ ಕಟ್ಟಿಕೊಂಡು, ಮುಖ ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ಮತ್ತೆ ಬಕೆಟ್. ಮತ್ತೆ ಮೆಟ್ಟಿಲು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಬೈದೇ ಬಿಟ್ಟಿದ್ದಳು. "ಹುಣ್ಣಾಗಿದೆ, ಕೀವು ತುಂಬಿದೆ. ಇಷ್ಟು ದಿನ ಏನ್ ಮಾಡ್ತಿದ್ದೆ? ಆಪರೇಷನ್ ಮಾಡ್ಲೇಬೇಕು. ಆಮೇಲೆ ಮೂರು ತಿಂಗಳು ಒಂದು ತಂಬಿಗೆ ನೀರೂ ಎತ್ತಬಾರದು."

"ಮೂರು ತಿಂಗಳು ಹೋಗದೇ ಇದ್ರೆ ಕೆಲಸ ಇರಲ್ಲ ಡಾಕ್ಟ್ರಮ್ಮ."

"ರಜಾ ಹಾಕಮ್ಮ. ಸರ್ಕಾರಿ ಕೆಲಸ ಅಂತೀಯ."

ಅವಳಿಗೆ ನಗು ಬಂತು. ಸರ್ಕಾರಿ ಕಟ್ಟಡ, ಸರ್ಕಾರಿ ಕಸ, ಸರ್ಕಾರಿ ಹೇಲು. ಅವಳೊಬ್ಬಳು ಮಾತ್ರ ಸರ್ಕಾರಿಯಲ್ಲ. ರಜೆ ಇರುವುದು ಖಾಯಂ ಆದವರಿಗೆ. ಅವಳು ದಿನಗೂಲಿ. ಬಂದ ದಿನ ಇದ್ದಾಳೆ, ಬಾರದ ದಿನ ಇಲ್ಲ.

"ಹೀಗೇ ಬಿಟ್ರೆ ಏನಾಗುತ್ತೆ?" ಎಂದು ಕೇಳಿದಳು.

ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ, "ನಂಜೇರುತ್ತೆ. ಆಮೇಲೆ ನನ್ ಕೈಲೂ ಏನೂ ಆಗಲ್ಲ," ಎಂದಳು.

ಆ ವರ್ಷದ ಬಜೆಟ್ಟಿನ ಮೇಲೆ ಅವಳ ಜೀವ ನಿಂತದ್ದು ಹೀಗೆ. ಕೆಳಮನೆಯವರು ಬಜೆಟ್ಟಿನಲ್ಲಿ ಒಂದು ಮಾತು ಸೇರಿಸಿದ್ದರು: ಸರ್ಕಾರಿ ನೌಕರರಿಗೆಲ್ಲ ಸಂಬಳ ಏರಬೇಕು, ಬಹಳ ಕಾಲದಿಂದ ದುಡಿದ ದಿನಗೂಲಿಗಳೂ ಖಾಯಂ ಆಗಬೇಕು. ಆ ರಾಜ್ಯದಲ್ಲಿ ಎರಡೂ ಮನೆ ಒಪ್ಪದೆ ಬಜೆಟ್ ಪಾಸಾಗುತ್ತಿರಲಿಲ್ಲ. ಮೇಲ್ಮನೆಯವರು ಆಗುವುದಿಲ್ಲ ಎಂದರು. ಏರಿಸುವುದಾದರೆ ಇರುವ ನೌಕರರಿಗೆ ಏರಿಸೋಣ, ದಿನಗೂಲಿಗಳನ್ನು ತಂದು ಬೊಕ್ಕಸದ ತಲೆಗೆ ಕಟ್ಟಬೇಡಿ ಎಂದರು. ಇವರು ಕಳಿಸುವುದು, ಅವರು ವಾಪಸ್ ಮಾಡುವುದು. ಕೂಗಾಟ, ಸಭಾತ್ಯಾಗ, ಮತ್ತೆ ಕೂಗಾಟ. ಬಜೆಟ್ ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಕೂತಿತು.

ಒಳಗೆ ಏನು ನಡೆಯುತ್ತಿದೆ ಎಂದು ಇವರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕಕ್ಕಸೇ ಹೇಳುತ್ತಿತ್ತು. ಜಗಳ ಜೋರಾದ ದಿನ ಸದಸ್ಯರು ಸದನ ಬಿಟ್ಟು ಅಲ್ಲೇ ಬಂದು ನಿಲ್ಲುತ್ತಿದ್ದರು. ನೆಲದ ತುಂಬಾ ಸಿಗರೇಟಿನ ತುಂಡು, ಹರಿದ ಕಾಗದ, ತೊಟ್ಟಿಯಲ್ಲಿ ಉಗುಳು. ಇಬ್ಬರಿಬ್ಬರು ಮೂಲೆಯಲ್ಲಿ ನಿಂತು ಫೋನಿನಲ್ಲಿ ಪಿಸುಪಿಸು. ಜಗಳ ತಣ್ಣಗಾದ ದಿನ ನೆಲ ಬೆಳಗ್ಗೆ ಒರೆಸಿದ ಹಾಗೇ ಇರುತ್ತಿತ್ತು. "ಇವತ್ತು ಏನಕ್ಕಾ ಸಮಾಚಾರ?" ಎಂದು ನೆಲಮಹಡಿ ಕೇಳಿದರೆ ಇವಳು ಕಸದ ಬುಟ್ಟಿ ನೋಡಿ, "ಇವತ್ತು ಕಚ್ಚಾಡಿದಾರೆ," ಅಂತಲೋ, "ಇವತ್ತು ಮದುವೆ ಮನೆ ಥರ ಇದಾರೆ," ಅಂತಲೋ ಹೇಳುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ. ಅದೊಂದು ಹೆಮ್ಮೆ ಅವಳಿಗೆ.

ಸದಸ್ಯರಿಗೂ ಇವರು ಹೆಸರಿಟ್ಟಿದ್ದರು. ತಮ್ಮ ಹೆಸರು ಕಿತ್ತುಕೊಂಡವರ ಹೆಸರನ್ನು ಇವರೇಕೆ ಉಳಿಸಬೇಕು? ಮೇಲ್ಮನೆಯ ಮುಖಂಡ, ದಿನಗೂಲಿ ಅಂದರೆ ಉರಿದು ಬೀಳುವವನು, ಕಕ್ಕಸಿನಲ್ಲಿ ಕೂತೇ ಪ್ಯಾಕೆಟ್ ಖಾಲಿ ಮಾಡುತ್ತಿದ್ದ. ಅವನು ಹೊಗೆರಾಯ. ಕೆಳಮನೆಯಲ್ಲಿ ಇವರ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದವನಿಗೆ ಕೈ ತೊಳೆಯುವ ಚಟ. ಸೋಪು ಹಚ್ಚುವುದು, ತೊಳೆಯುವುದು, ಮತ್ತೆ ಹಚ್ಚುವುದು. ಅವನು ಸೋಪಪ್ಪ.

"ಏನಾದ್ರೂ ಅನ್ನಿ, ಸೋಪಪ್ಪ ನಮ್ಮೋನು," ಎನ್ನುತ್ತಿದ್ದಳು ನೆಲಮಹಡಿ. ಅವಳಿಗೆ ಆಗ ಐದು ತಿಂಗಳು. ಹೊಟ್ಟೆ ನೀಲಿ ಕೋಟಿನ ಗುಂಡಿಗಳನ್ನು ಎಳೆಯುತ್ತಿತ್ತು. ಅವಳು ಬಕೆಟ್ ಎತ್ತುವುದನ್ನು ನೋಡಿದಾಗೆಲ್ಲ ಇವಳಿಗೆ ತನ್ನದೇ ಕಿಬ್ಬೊಟ್ಟೆ ಜಗ್ಗಿದಂತಾಗುತ್ತಿತ್ತು.

"ಎರಡು ಕೈಲೂ ಎತ್ತಬೇಡ ಕಣೇ. ಅರ್ಧ ಬಕೆಟ್ ತಗೋ."

"ಅರ್ಧರ್ಧ ತಗೊಂಡ್ರೆ ಎರಡು ಸಲ ಹತ್ತಬೇಕಲ್ಲಕ್ಕ. ನಮ್ಮ ಸೋಪಪ್ಪ ಖಾಯಂ ಮಾಡಿಸ್ಲಿ, ಆಮೇಲೆ ಮಹಾರಾಣಿ ಥರ ಮಲ್ಕೋತೀನಿ."

ಸೋಪಪ್ಪ ಇವಳನ್ನು ಒಂದು ದಿನ ಸದನಕ್ಕೇ ಕರೆಸಿದ. ಅವನ ಕಡೆಯವನೊಬ್ಬ ಬಂದು ಯಾರಾದರೂ ಒಬ್ಬ ಹೆಂಗಸು ಬೇಕು ಎಂದ. ಮೇಸ್ತ್ರಿ ಇವಳನ್ನು ಮುಂದೆ ನೂಕಿದ. "ಮುಖ ತೊಳ್ಕೊಂಡು ಬಾ. ಹೊಸ ಕೋಟು ಕೊಡ್ತೀನಿ. ಕೊಳೆ ಮಾಡಿದ್ರೆ ನೋಡು." ಉಗ್ರಾಣದಿಂದ ಗರಿಗರಿ ನೀಲಿ ಕೋಟು ಬಂತು. ಪ್ರೇಕ್ಷಕರ ಗ್ಯಾಲರಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅಷ್ಟು ಮೆತ್ತನೆಯ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕಟ್ಟಿದ ಬಟ್ಟೆ ಎಲ್ಲಿ ಸರಿಯುತ್ತದೋ ಎಂದು ತೊಡೆ ಬಿಗಿಹಿಡಿದೇ ಕೂತಳು.

ಕೆಳಗೆ ಸೋಪಪ್ಪ ಎದ್ದು ನಿಂತ. "ಅಗೋ ನೋಡಿ, ಅಲ್ಲಿ ಕೂತಿದ್ದಾಳೆ ನನ್ನ ತಾಯಿ! ನಮ್ಮ ನಿಮ್ಮ ಹೊಲಸು ತೊಳೆಯುವ ಆ ಕೈಗಳನ್ನು ನೋಡಿ! ಆ ತಾಯಿಗೆ ಒಂದು ದಿನದ ರಜೆ ಇಲ್ಲ ಸ್ವಾಮಿ!" ಎಂದು ಕೈ ಚಾಚಿ ತೋರಿಸಿದ. ಅವನು ಅವಳಿಗಿಂತ ಹತ್ತು ವರ್ಷ ದೊಡ್ಡವನು, ತಾಯಿ ಅಂದ. ಇರಲಿ ಬಿಡಿ. ಇಡೀ ಸದನ ಕತ್ತೆತ್ತಿ ಅವಳನ್ನು ನೋಡಿತು. ಇಷ್ಟು ವರ್ಷ ಬೆನ್ನು ಮಾತ್ರ ಕಂಡಿದ್ದವರಿಗೆ ಅವತ್ತು ಮುಖ ಕಂಡಿತು. ಅವಳ ಕಣ್ಣಲ್ಲಿ ಗಳಗಳ ನೀರು ಬಂತು. ಕ್ಯಾಮೆರಾದವರು ಅದನ್ನೂ ಹಿಡಿದುಕೊಂಡರು.

ಸಂಜೆ ಮೇಸ್ತ್ರಿ ಹೊಸ ಕೋಟು ವಾಪಸ್ ಇಸಿದುಕೊಂಡ. ಅದು ಉಗ್ರಾಣದ್ದಂತೆ.

ಎರಡು ಮನೆಗಳೂ ಬಗ್ಗದಾಗ ಜಂಟಿ ಸಮಿತಿ ಮಾಡಿದರು. ಇವರಿಂದ ಕೆಲವರು, ಅವರಿಂದ ಕೆಲವರು. ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಆ ಮಹಡಿ ಅವಳದ್ದು. ಕಾಫಿ ಲೋಟ, ಸಿಗರೇಟು ತುಂಡು, ಹರಿದ ಕಾಗದ ಅವಳೇ ಬಾಚಿದಳು. ಬಾಚುತ್ತಾ ಲೆಕ್ಕ ಹಾಕಿದಳು: ಇನ್ನೂ ಕಚ್ಚಾಡುತ್ತಿದ್ದಾರೆ. ಇನ್ನೂ ಸೋಪಪ್ಪ ಬಿಟ್ಟುಕೊಟ್ಟಿಲ್ಲ.

ಒಂದು ಮಧ್ಯಾಹ್ನ ಅವಳು ಕೊನೆಯ ಕಕ್ಕಸಿನೊಳಗೆ ಮಂಡಿಯೂರಿ ಆಸಿಡ್ ಹಾಕಿ ಉಜ್ಜುತ್ತಿದ್ದಳು. ಹೊರಬಾಗಿಲು ತೆರೆದ ಸದ್ದಾಯಿತು. ಸದಸ್ಯರು ಬಂದರೆ ಒಳಗಿರುವವರು ಬಾಗಿಲು ಎಳೆದುಕೊಂಡು ಗೋಡೆಗೆ ತಿರುಗಿ ಉಸಿರು ಬಿಗಿಹಿಡಿದು ಇರಬೇಕು. ಅವಳು ಹಾಗೇ ಮಾಡಿದಳು. ಆಸಿಡ್ಡಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕೆಮ್ಮು ಬಂತು, ಕೋಟಿನ ತೋಳು ಕಚ್ಚಿ ನುಂಗಿಕೊಂಡಳು.

ಹೊರಗೆ ನಲ್ಲಿ ಬಿಟ್ಟರು. ನಿಲ್ಲದೆ ಸುರಿಯಿತು. ಸೋಪಪ್ಪ! ಅದರ ಹಿಂದೆಯೇ ಸಿಗರೇಟಿನ ವಾಸನೆ. ಹೊಗೆರಾಯ! ಇಬ್ಬರೂ ಒಟ್ಟಿಗೆ ಬಂದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಹಾಗಾದ್ರೆ ಆಯ್ತು ತಾನೇ?" ಎಂದಿತು ಸೋಪಪ್ಪನ ದನಿ.

"ಆಯ್ತು ಮಾರಾಯ. ನಾಳೆ ನಿಮ್ಮ ಕಡೆ ತಿದ್ದುಪಡಿ ತಂದುಬಿಡಿ. ನಾಡಿದ್ದು ನಮ್ಮೋರೂ ಕೈ ಎತ್ತುತಾರೆ. ಒಂದು ಅಪಸ್ವರ ಬರಲ್ಲ."

"ಅಬ್ಬಾ! ಜಗಳ ಆಡಿ ಆಡಿ ಸಾಕಾಗಿತ್ತು ನನಗೆ."

"ನಿಮ್ಮ ಭಾಷಣ ಮಾತ್ರ ಭರ್ಜರಿಯಾಗಿತ್ತು," ಎಂದ ಹೊಗೆರಾಯ. ಇಬ್ಬರೂ ಹೊಟ್ಟೆ ತುಂಬಾ ನಕ್ಕರು. ಬಾಗಿಲು ಮುಚ್ಚಿತು.

ಅವಳು ಗೋಡೆಗೆ ಹಣೆ ಹಚ್ಚಿ ನಿಂತಳು. ಅಡ್ಡಗಾಲು ಹಾಕಿದ್ದವನು ಹೊಗೆರಾಯ ಒಬ್ಬನೇ. ಅವನೇ ಆಯ್ತು ಅಂದ. ಸೋಪಪ್ಪ ನಕ್ಕ. ಸೋತವನು ಯಾವನಾದರೂ ಹಾಗೆ ನಗುತ್ತಾನಾ? ಗೆದ್ದೆವು! ಉಜ್ಜುವ ಬ್ರಷ್ಷನ್ನು ಅಲ್ಲೇ ಬಿಟ್ಟು ಹಿಂಬದಿಯ ಮೆಟ್ಟಿಲು ಇಳಿದು ಹಿತ್ತಲಿಗೆ ಬಂದಳು. ನಲ್ಲಿಯ ಹತ್ತಿರ ಎಲ್ಲರೂ ಇದ್ದರು.

"ಆಯ್ತಂತೆ ಕಣ್ರೇ! ಹೊಗೆರಾಯ ಒಪ್ಪಿದ. ನನ್ನ ಕಿವಿಯಾರೆ ಕೇಳಿದೆ. ನಾಳೆ ತಿದ್ದುಪಡಿ ಪಾಸು!"

ನೆಲಮಹಡಿ ಬಕೆಟ್ ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಮೆಟ್ಟಿಲಜ್ಜ ಮಾತ್ರ ಬಟ್ಟೆ ಹಿಂಡುತ್ತಾ, "ಏನಕ್ಕೆ ಆಯ್ತು ಅಂದ್ರು ಅಂತ ಕೇಳಿಸ್ಕೊಂಡ್ಯೇನಮ್ಮ?" ಎಂದ.

"ಥೂ, ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ವಾ ಅಜ್ಜ? ಇಷ್ಟು ವರ್ಷ ಆ ಕಕ್ಕಸು ನೋಡಿದೀನಿ. ನನಗೆ ಗೊತ್ತಾಗಲ್ವಾ?"

ಅಜ್ಜ ಹಿಂಡಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಅವನಿಗೂ ನಂಬಬೇಕಾಗಿತ್ತು ಪಾಪ. ಮೆಟ್ಟಿಲ ಮೇಲೇ ಅವನ ಮಂಡಿ ಸವೆದುಹೋಗಿದ್ದವು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ದಿನ ಹಾಕಿಸಿಕೊಂಡಳು. ಡಾಕ್ಟರಮ್ಮ, "ರಜಾ ಸಿಕ್ತಾ?" ಎಂದಳು. "ಸಿಗುತ್ತೆ," ಎಂದಳು. ಆ ಒಂದು ಮಾತು ಹೇಳುವಾಗ ಅವಳಿಗೆ ಎಷ್ಟು ಹಿಗ್ಗು! ರಾತ್ರಿ ಮಗಳ ಮುಂದೆ ಕೂತು, "ಮೂರು ತಿಂಗಳು ನೀನೇ ಅಡುಗೆ ಮಾಡಿ ಹಾಕ್ಬೇಕು ನೋಡು, ನಾನು ಎದ್ದೇಳಲ್ಲ," ಎಂದು ರೇಗಿಸಿದಳು. ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದ ಮಗಳು, "ನಿನ್ನ ಕೈ ಅಡುಗೆಯಿಂದ ನನಗೂ ಬಿಡುಗಡೆ ಬಿಡಮ್ಮ," ಎಂದು ನಕ್ಕಳು.

ಮರುದಿನ ಸೋಪಪ್ಪನ ಕಡೆಯವನು ಮತ್ತೆ ಬಂದ. ಗ್ಯಾಲರಿ ಖಾಲಿ ಕಾಣಬಾರದು, ನಿಮ್ಮವರನ್ನೆಲ್ಲ ಕಳಿಸಿ ಎಂದ. ಈ ಸಲ ಹೊಸ ಕೋಟು ಇಲ್ಲ. ಹಿಂದಿನ ಸಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿದರು.

ಪೀಠದಲ್ಲಿ ಕೂತವರು ಏನೋ ಓದಿದರು. ರೈಲು ಓಡಿದ ಹಾಗೆ ಓದಿದರು. ಇಂಥ ಕಂಡಿಕೆಯ ಇಂಥ ಉಪಕಂಡಿಕೆಗೆ ಬದಲಾಗಿ ಇಂಥದ್ದು. ಅವಳಿಗೆ ಅರ್ಥವಾದದ್ದು ಒಂದೇ ಪದ, ತಿದ್ದುಪಡಿ. ಪರವಾಗಿರುವವರು? "ಹೌದು!" ಎಂದಿತು ಇಡೀ ಸದನ. ವಿರೋಧ? ಒಂದು ದನಿಯಿಲ್ಲ. ಅಂಗೀಕಾರವಾಗಿದೆ. ಎರಡು ಕಡೆಯವರೂ ಮೇಜು ಕುಟ್ಟಿದರು.

ಮೊದಲು ಚಪ್ಪಾಳೆ ತಟ್ಟಿದವಳು ಅವಳು. ಆಮೇಲೆ ನೆಲಮಹಡಿ. ಆಮೇಲೆ ಅಜ್ಜ, ಆಮೇಲೆ ಉಳಿದವರೆಲ್ಲ. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ, ಆದರೆ ಅವತ್ತು ಯಾವ ಕಾವಲಿನವನೂ ಗದರಲಿಲ್ಲ. ಸೋಪಪ್ಪ ಒಂದು ಕ್ಷಣ ಮೇಲೆ ನೋಡಿದ. ಅವನ ಮುಖದಲ್ಲಿ ಏನೋ ಗಲಿಬಿಲಿ. ಮರುಕ್ಷಣ ನಗು ತಂದುಕೊಂಡು ಕೈ ಬೀಸಿದ. ಅವಳು ಅಂಗೈ ಉರಿಯುವವರೆಗೂ ತಟ್ಟಿದಳು. ಆಸಿಡ್ ತಿಂದ ಅಂಗೈ ಅದು, ಬಿರುಕುಗಳಿಂದ ರಕ್ತ ಜಿನುಗಿತು.

ಹಿತ್ತಲಿನಲ್ಲಿ ಬಿಸ್ಕತ್ತು ಹಂಚಿಕೊಂಡು ತಿಂದರು.

ಸಂಜೆ ಮನೆಗೆ ಬಂದಾಗ ಮಗಳು ಟೀವಿಯ ಮುಂದೆ ನಿಂತಿದ್ದಳು. ಕೂತಿರಲಿಲ್ಲ, ನಿಂತಿದ್ದಳು. ಅಂಗಡಿಯ ಚಪ್ಪಲಿ ಕೂಡ ಬಿಚ್ಚಿರಲಿಲ್ಲ. "ಯಾಕೇ ಹೀಗೆ ನಿಂತಿದೀಯ?" ಎಂದಳು ಅವಳು.

"ಅಮ್ಮ, ನೀವೆಲ್ಲ ಯಾಕೆ ಚಪ್ಪಾಳೆ ತಟ್ಟಿದ್ರಿ?"

"ಪಾಸಾಯ್ತಲ್ಲೇ."

"ಏನು ಪಾಸಾಯ್ತು?"

"ನಮ್ಮದು. ತಿದ್ದುಪಡಿ."

ಮಗಳು ಟೀವಿ ಕಡೆ ಬೆರಳು ತೋರಿಸಿದಳು. "ನಿಮ್ಮನ್ನ ತೆಗೆದುಹಾಕಿದ್ದೇ ತಿದ್ದುಪಡಿ ಅಮ್ಮ! ದಿನಗೂಲಿಗಳ ಮಾತನ್ನ ಬಜೆಟ್ಟಿಂದ ಕಿತ್ತು ಬಿಸಾಕಿದಾರೆ. ನಿಮಗೆ ಅಂತ ಇಟ್ಟಿದ್ದ ದುಡ್ಡನ್ನ ಮೇಲಿನ ಸಾಹೇಬರ ಸಂಬಳಕ್ಕೆ ಸೇರಿಸಿದಾರೆ. ಅವರವರ ಭತ್ಯೆನೂ ಏರಿಸ್ಕೊಂಡಿದಾರೆ. ಅದಕ್ಕೇ ರಾಜಿ ಆಗಿದ್ದು."

"ಇಲ್ಲ ಕಣೇ. ಸೋಪಪ್ಪ ನಕ್ಕ..."

"ನಗದೇ ಇನ್ನೇನ್ ಮಾಡ್ತಾನೆ?"

ಟೀವಿಯಲ್ಲಿ ಅವಳೇ ಇದ್ದಳು. ಹಳೆಯ ನೀಲಿ ಕೋಟು, ಬಾಯಿ ತುಂಬಾ ನಗು, ಎರಡೂ ಕೈ ಎತ್ತಿ ಚಪ್ಪಾಳೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನೌಕರರ ಹರ್ಷೋದ್ಗಾರ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಅದೇ ತೋರಿಸಿದರು. ಮತ್ತೆ ತಟ್ಟಿದಳು. ಮತ್ತೆ ನಕ್ಕಳು. ತನ್ನ ಕತ್ತಿನ ಮೇಲೆ ಕಾಲಿಟ್ಟವರಿಗೆ ತಾನೇ ಚಪ್ಪಾಳೆ ತಟ್ಟುವುದನ್ನು ಅವಳು ನಿಂತು ನೋಡಿದಳು. ಪಕ್ಕದ ಮನೆಯಲ್ಲೂ ಅದೇ ಟೀವಿ ಓಡುತ್ತಿತ್ತು. ಅಲ್ಲಿ ಯಾರೋ ನಕ್ಕರು. ಇವಳನ್ನು ನೋಡಿಯೇ ನಕ್ಕರೋ ಏನೋ, ಇವಳ ಕಿವಿಗೆ ಹಾಗೇ ಕೇಳಿಸಿತು.

ಅವಳು ನೆಲಕ್ಕೆ ಕುಸಿದಳು. ಅಳು ಬರಲಿಲ್ಲ. ಉರಿ ಬಂತು. ಕಾಲಿನಿಂದ ನೆತ್ತಿಯವರೆಗೆ ಉರಿ.

"ನಾನೇ ಕಣೇ ಎಲ್ಲರಿಗೂ ಹೇಳಿದ್ದು," ಎಂದಳು. "ಆ ಹೊಟ್ಟೆ ಹೊತ್ಕೊಂಡಿರೋ ಹುಡುಗಿಗೂ ನಾನೇ ಹೇಳಿದ್ದು."

ಮಗಳು ಟೀವಿ ಆರಿಸಿ ಅವಳ ಪಕ್ಕದಲ್ಲಿ ಕೂತಳು. "ಆಪರೇಷನ್ ಹೇಗಾದ್ರೂ ಮಾಡಿಸೋಣ ಅಮ್ಮ. ಕೆಲಸ ಹೋದ್ರೆ ಹೋಗ್ಲಿ."

"ಹೋದ್ರೆ ತಿನ್ನೋದೇನು? ನಿನ್ನ ಸಂಬಳ ಬಾಡಿಗೆಗೇ ಸಾಲಲ್ಲ."

ಮಗಳು ಕೂತಲ್ಲೇ ಅಂಗಡಿಯ ಚಪ್ಪಲಿ ಬಿಚ್ಚತೊಡಗಿದಳು.

ಬೆಳಗ್ಗೆ ಕೆಲಸಕ್ಕೆ ಹೋದಳು. ಹೋಗದೆ ಇರುವುದಕ್ಕೆ ಅವಳಿಗೆ ರಜೆ ಎಲ್ಲಿದೆ? ಅವತ್ತು ಅದೇ ತಿದ್ದುಪಡಿಗೆ ಮೇಲ್ಮನೆ ಒಪ್ಪಿಗೆ ಕೊಡಬೇಕಾಗಿತ್ತು. ಮೇಲ್ಮನೆ ಸೇರುವುದು ಎರಡನೇ ಮಹಡಿಯಲ್ಲಿ. ದೊಡ್ಡ ದೊಡ್ಡವರೆಲ್ಲ ಬರುತ್ತಾರೆಂದು ನೆಲಮಹಡಿಯನ್ನೂ ಮೆಟ್ಟಿಲಜ್ಜನನ್ನೂ ಮೇಸ್ತ್ರಿ ಮೇಲಿನ ಕೆಲಸಕ್ಕೆ ಹಾಕಿದ್ದ. ಹಿತ್ತಲಿನ ನಲ್ಲಿಯ ಹತ್ತಿರ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೆಲಮಹಡಿ ತುಂಬಿದ ಬಕೆಟ್ ಎತ್ತಿದಳು. ಎತ್ತಿದವಳು ಸೊಂಟಕ್ಕೆ ಕೈ ಕೊಟ್ಟು ಮುಲುಗಿದಳು. "ಏನೋ ಜಗ್ಗಿದ ಹಾಗಾಯ್ತಕ್ಕ," ಎಂದಳು. ಮತ್ತೆ ಎತ್ತಿ ಮೆಟ್ಟಿಲು ಹತ್ತಿದಳು.

ಆ ಮಾತು ಕೇಳಿದ ಮೇಲೆ ಇವಳ ಕೈ ಬಕೆಟ್ಟಿನ ಹಿಡಿಯ ಮೇಲೆ ನಿಂತುಬಿಟ್ಟಿತು. ನೀರು ತುಂಬಿ ಹೊರಗೆ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ. ಬಕೆಟ್ಟನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮೇಲೆ ಹೋದಳು.

ಕಾರಿಡಾರಿನಲ್ಲಿ ಮೇಸ್ತ್ರಿ ಎದುರಾದ. "ಬಕೆಟ್ ಎಲ್ಲಿ?"

"ಕೆಳಗಿದೆ."

"ಕೆಳಗಿದ್ರೆ? ತಂದುಕೊಡೋಕೆ ನಿಮ್ಮಪ್ಪ ಬರ್ತಾನಾ?"

"ಬೇಕಾದೋರು ತಂದ್ಕೊಳ್ಲಿ. ನಾನು ಎತ್ತಲ್ಲ."

ಮೇಸ್ತ್ರಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. "ಏನಂದೆ?"

"ಎತ್ತಲ್ಲ ಅಂದೆ."

"ತಲೆಗಿಲೆ ಕೆಟ್ಟಿದೆಯೇನೇ? ಕೆಲಸ ಬೇಕೋ ಬೇಡ್ವೋ?"

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಉದ್ದನೆಯ ಬೆಲ್ಲು. ಕಾರಿಡಾರಿನುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಮೆಟ್ಟಿಲಜ್ಜ ಗೋಡೆಗೆ ತಿರುಗಿದ. ನೆಲಮಹಡಿ ಬಕೆಟ್ಟನ್ನು ಮರೆಗೆ ಸರಿಸಿ, ಹೊಟ್ಟೆ ಗೋಡೆಗೆ ಒತ್ತದ ಹಾಗೆ ಒಂದು ಹೆಜ್ಜೆ ಹಿಂದೆ ನಿಂತು ತಿರುಗಿದಳು. ಮೇಸ್ತ್ರಿ ಬದಿಗೆ ಸರಿದು ಕೈ ಕಟ್ಟಿ ತಲೆ ಬಗ್ಗಿಸಿದ. "ತಿರುಗೇ! ತಿರುಗೇ ಮುಂಡೇದೇ!" ಎಂದು ಹಲ್ಲಿನ ಸಂದಿಯಲ್ಲೇ ಅರಚಿದ.

ಅವಳು ತಿರುಗಲಿಲ್ಲ. ಕಾರಿಡಾರಿನ ನಡುಮಧ್ಯೆ ನಿಂತಳು. ಕಾಲು ಓಡು ಅನ್ನುತ್ತಿತ್ತು. ಕುತ್ತಿಗೆ ತನ್ನಷ್ಟಕ್ಕೆ ತಾನೇ ಗೋಡೆಯ ಕಡೆಗೆ ಹೊರಳಲು ನೋಡಿತು, ಅಷ್ಟು ಅಭ್ಯಾಸವಾಗಿಹೋಗಿತ್ತು. ಅವಳು ಕುತ್ತಿಗೆ ಸೆಟೆದು ನಿಂತಳು.

ಬಂದರು. ಮುಂದೆ ಹೊಗೆರಾಯ. ಅವನ ಪಕ್ಕದಲ್ಲಿ, ರಾಜಿಯನ್ನು ದಡ ಮುಟ್ಟಿಸಲು ಬಂದಿದ್ದ ಸೋಪಪ್ಪ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಹಿಂದೆ ಉಳಿದವರ ಹಿಂಡು. ದಾರಿಯ ನಡುವೆ ಒಂದು ಮುಖ ಕಂಡು ಎಲ್ಲರೂ ನಿಂತರು.

"ಯಾರಮ್ಮ ನೀನು? ದಾರಿ ಬಿಡು," ಎಂದ ಸೋಪಪ್ಪ.

"ನಿಮ್ಮ ತಾಯಿ ಸಾರ್," ಎಂದಳು ಅವಳು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸೋಪಪ್ಪ ಹುಬ್ಬು ಗಂಟಿಕ್ಕಿ ನೋಡಿದ. ನೆನಪಾಗಲು ಅವನಿಗೆ ಇನ್ನೊಂದು ಗಳಿಗೆ ಬೇಕಾಯಿತು. "ಓ, ನೀನಾ! ನೋಡಮ್ಮ, ನಮ್ಮ ಕೈಲಾದಷ್ಟು ಮಾಡಿದ್ವಿ. ಪರಿಸ್ಥಿತಿ ಹಾಗಿದೆ. ಮುಂದಿನ ಬಜೆಟ್ಟಲ್ಲಿ ಖಂಡಿತ ನಿಮ್ಮದೇ ಮೊದಲು."

"ಮುಂದಿನ ಬಜೆಟ್ಟಿಗೆ ನಾನಿರಲ್ಲ ಸಾರ್."

"ಛೇ ಛೇ, ಹಾಗೆಲ್ಲ ಮಾತಾಡಬಾರದು."

"ಮಾತಾಡ್ತೀನಿ. ಅವತ್ತು ನೀವು ನನ್ನ ತೋರ್ಸಿ ಮಾತಾಡಿದ್ರಿ. ಇವತ್ತು ನಾನು ಮಾತಾಡ್ತೀನಿ." ಅವಳ ದನಿ ಒಡೆದಿತ್ತು, ಆದರೆ ಸಣ್ಣಗಾಗಲಿಲ್ಲ. "ನನ್ನ ಗರ್ಭಕೋಶ ಹೊರಗೆ ಬಂದಿದೆ ಸಾರ್. ನಿಮಗೆ ನೀರು ಹೊತ್ತು ಹೊತ್ತು ಬಂದಿದೆ. ಹುಣ್ಣಾಗಿ ಕೀವು ಸುರೀತಿದೆ. ಅದನ್ನ ಬಟ್ಟೆಲಿ ಕಟ್ಕೊಂಡು, ಕೂತು, ನೀವು ಹೇತಿದ್ದನ್ನ ಉಜ್ಜುತೀನಿ. ನೀವಿಬ್ಬರೂ ಕಕ್ಕಸಲ್ಲಿ ನಿಂತು ನಗುವಾಗ ನಾನು ಒಳಗೇ ಇದ್ದೆ. ಆಸಿಡ್ ಕುಡೀತಾ ಗೋಡೆ ನೋಡ್ತಾ ನಿಂತಿದ್ದೆ. ನೀವು ನಗೋದು ಕೇಳಿ, ನನ್ನ ಜೀವ ಉಳೀತು ಅಂದ್ಕೊಂಡು ಖುಷಿಪಟ್ಟೆ ಸಾರ್. ನನ್ನ ಕತ್ತು ಕುಯ್ದಿದ್ದಕ್ಕೆ ನಾನೇ ಚಪ್ಪಾಳೆ ತಟ್ಟಿದೆ."

"ಎಳ್ಕೊಂಡು ಹೋಗ್ರೋ ಇವಳನ್ನ!" ಎಂದ ಹೊಗೆರಾಯ.

ಮೇಸ್ತ್ರಿ ಓಡಿ ಬಂದು ಅವಳ ತೋಳಿಗೆ ಕೈ ಹಾಕಿದ. "ನಿನ್ನ ಕೆಲಸ ಹೋಯ್ತು, ಇವತ್ತೇ ಹೋಯ್ತು, ತಿಳ್ಕೋ!"

"ಯಾವ ಕೆಲಸನೋ? ನಾನು ನೌಕರಳೇ ಅಲ್ಲ ಅಂತ ನಿನ್ನೆ ತಾನೇ ಪಾಸು ಮಾಡಿದಾರೆ, ಕೇಳಿಸ್ಕೊಳ್ಳಿಲ್ವಾ?" ಅವಳು ತೋಳು ಕೊಡವಿದಳು. ಆ ರಭಸಕ್ಕೆ ಒಳಗೆ ಕಟ್ಟಿದ್ದ ಬಟ್ಟೆ ಸಡಿಲಿತು. ಅವಳಿಗೆ ಗೊತ್ತಾಯಿತು. ಬಟ್ಟೆ ಜಾರಿ, ಕೀವು ರಕ್ತ ಮೆತ್ತಿಕೊಂಡು, ಅವಳ ಕಾಲ ಬಳಿ ಹೊಳೆಯುವ ನೆಲದ ಮೇಲೆ ಬಿತ್ತು. ಅವಳೇ ನಿನ್ನೆ ಒರೆಸಿದ ನೆಲ. ಜೀವನದಲ್ಲಿ ಅದಕ್ಕಿಂತ ದೊಡ್ಡ ನಾಚಿಕೆ ಅವಳಿಗೆ ಆಗಿರಲಿಲ್ಲ. ಬಗ್ಗಿ ಎತ್ತಿಕೊಂಡು ಓಡಿಹೋಗಬೇಕು ಅನ್ನಿಸಿತು. ಅವಳು ಬಗ್ಗಲಿಲ್ಲ.

ಗಬ್ಬು ನಾತ ಹರಡಿತು. ಯಾರೋ ಕರವಸ್ತ್ರ ಮೂಗಿಗೆ ಹಿಡಿದರು. ಸೋಪಪ್ಪ ಬಿಳುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ, ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಆ ಬಟ್ಟೆ ನೋಡಲಾಗದೆ, ಅವಳ ಮುಖವನ್ನೂ ನೋಡಲಾಗದೆ, ಹಿಂದಿನವರು ಒತ್ತಿದ್ದರಿಂದ ಹೊರಟು ಹೋಗಲೂ ಆಗದೆ ಅವನು ಗೋಡೆಯ ಕಡೆ ತಿರುಗಿದ. ಹೊಗೆರಾಯ ತಿರುಗಿದ. ಅವರ ಹಿಂದಿದ್ದವರೂ ಒಬ್ಬೊಬ್ಬರಾಗಿ ತಿರುಗಿದರು. ಗರಿಗರಿ ಬಟ್ಟೆಯ ಬೆನ್ನುಗಳು ಸಾಲಾಗಿ ನಿಂತವು. ಬೆಲ್ಲು ಇನ್ನೂ ಹೊಡೆಯುತ್ತಲೇ ಇತ್ತು.

"ಗೋಡೆಯಲ್ಲಿ ಏನೂ ಇಲ್ಲ ಸಾರ್," ಎಂದಳು ಅವಳು. "ಇಷ್ಟು ವರ್ಷ ನಾನು ನೋಡಿದೀನಿ. ಈ ಕಡೆ ತಿರುಗಿ."

ಅವರಲ್ಲಿ ಒಬ್ಬನೂ ತಿರುಗಲಿಲ್ಲ. ಎದುರು ಗೋಡೆಯ ಹತ್ತಿರ ನಿಂತಿದ್ದ ನೆಲಮಹಡಿ ತಿರುಗಿದಳು. ತುಂಬಿದ ಬಕೆಟ್ಟನ್ನು ಕಾಲಿನಿಂದ ಒದ್ದು ಉರುಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಕ್ಕನ ಪಕ್ಕಕ್ಕೆ ನಡೆದು ಬಂದಳು.